ಹೋಗದ ಊರಿಗೆ ದಾರಿ

ಗ್ರಿಮ್ಸ್‌ಬಿಯ ಮೀನುಪೇಟೆಯ ಹಿಂದೆ, ಲಾಂಡ್ರಿಯ ಮೇಲಿನ ಕೋಣೆ.
ಗುರುವಾರ ಸಂಜೆ ಏಳಕ್ಕೆ ನಾವು ನಾಲ್ವರು ಸೇರಿ
ಊರು ಕಟ್ಟುತ್ತೇವೆ.
ಕೆಳಗೆ ಯಂತ್ರಗಳು ಯಾರದೋ ಹಾಸುಹೊದಿಕೆ ತಿರುಗಿಸುತ್ತವೆ,
ನೆಲ ಸಣ್ಣಗೆ ನಡುಗುತ್ತದೆ.
ಅದು ರೈಲು ಬಂದ ಸದ್ದು, ಅಂದ ಹೆಡ್ಲಿ ಮೊದಲ ದಿನ.
ಹಾಗೆ ನಮಗೊಂದು ನಿಲ್ದಾಣ ಸಿಕ್ಕಿತು.

ಇಸವಿ ಸಾವಿರದ ಎಂಟುನೂರ ಎಪ್ಪತ್ತಮೂರು.
ಊರ ಹೆಸರು ಸ್ಕಾರ್ಮಿಯರ್.
ನಕಾಶೆಯಲ್ಲಿ ಹುಡುಕಬೇಡಿ,
ಉಳಿದುಹೋದ ಗೋಡೆಕಾಗದದ ಬೆನ್ನ ಮೇಲಿದೆ:
ಈ ಕಡೆ ಗುಲಾಬಿ, ಮಗುಚಿದರೆ ಬೀದಿ.

ನಿಯಮ ಒಂದೇ, ವೆರಿಟಿ ಹಾಕಿದ್ದು:
ಜಾಗ ಮಾಡಿದವರು ಬೀಗ ಹಾಕುವಂತಿಲ್ಲ.
ನೀನು ಕಟ್ಟಿದ ಅಂಗಡಿಗೆ ನನ್ನ ಕಳ್ಳ ನುಗ್ಗಬಹುದು,
ನನ್ನ ಸೇತುವೆಯ ಕೆಳಗೆ ನಿನ್ನ ವಿಧವೆ ಅಳಬಹುದು,
ಸುಡುವ ಮುಂಚೆ ಮಾತ್ರ ಒಂದು ಮಾತು ಕೇಳಬೇಕು.

ಮೊದಲ ತಿಂಗಳು ಎಲ್ಲರಿಗೂ ಬಂಗಲೆಯ ಹುಚ್ಚು.
ವೆರಿಟಿಗೆ ಹನ್ನೆರಡು ಹೊಗೆಗೂಡಿನ ಮಹಲು,
ಹೆಡ್ಲಿಗೆ ನಾಟಕಶಾಲೆ, ಕೆಂಪು ಮಖಮಲ್ಲಿನ ಪರದೆ.
ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುವ ಊನಾಗೆ
ಬಿಸಿಲು ತುಂಬಿದ ಗಾಜಿನ ಮನೆ, ಅದರೊಳಗೆ ಅನಾನಸು.
ಮೀನು ಸೀಳುವ ಕಾರ್ಖಾನೆಯ ನಾನು
ಮಾಡಿದ್ದು ಟೋಪಿ ಅಂಗಡಿ.
ಅಲ್ಲಿ ಮೀನಿನ ವಾಸನೆ ಇಲ್ಲವೇ ಇಲ್ಲ ಎಂದು
ಎರಡು ಸಲ ಬರೆದೆ.

ಕಾಲುವೆ ತೋಡುವಾಗ ಜಗಳ ಬಂತು.
ಊನಾಳ ಪೆನ್ಸಿಲ್ ಹೆಡ್ಲಿಯ ಸ್ಮಶಾನಕ್ಕೆ ನುಗ್ಗಿತ್ತು.
ನಲವತ್ತು ಜನ ಮಲಗಿದ್ದಾರೆ ಅಲ್ಲಿ, ಅಂದ ಅವನು, ದನಿ ಏರಿಸಿ,
ಒಬ್ಬೊಬ್ಬರಿಗೂ ಹೆಸರಿಟ್ಟಿದ್ದೇನೆ!
ನಾವು ನಗಲಿಲ್ಲ. ಕಾಲುವೆ ಬಳಸಿಕೊಂಡು ಹೋಯಿತು.
ಆ ತಿರುವಿನಲ್ಲೇ ಮುಂದೆ ಮೂರು ದೋಣಿ ಮುಳುಗಿದವು,
ಒಂದು ಕೊಲೆಯಾಯಿತು, ಒಂದು ಮದುವೆಯ ಮಾತೂ.
ನೆಟ್ಟಗೆ ಹರಿದಿದ್ದರೆ ಏನೂ ಆಗುತ್ತಿರಲಿಲ್ಲ.

ಮಾರ್ಚಿಯಲ್ಲಿ ಐದನೆಯವನಾಗಿ ಬಂದ ಲೆಶೆಕ್,
ಗ್ದಾನ್‌ಸ್ಕ್‌ನವನು, ಇಲ್ಲಿ ಚರಂಡಿ ಪೈಪು ಕೂರಿಸುತ್ತಾನೆ.
ಮೇಜಿನ ಸುತ್ತ ಒಂದು ಸುತ್ತು ಬಂದು
ಚಹಾ ಲೋಟ ಹಿಡಿದೇ ಕೇಳಿದ:
ಇಷ್ಟು ಜನರ ಹೇಲು ಎಲ್ಲಿಗೆ ಹೋಗುತ್ತೆ?

ಯಾರೂ ಮಾತಾಡಲಿಲ್ಲ.
ಕೆಳಗೆ ಯಂತ್ರವೊಂದು ನೀರು ಹೊರಚೆಲ್ಲಿತು.
ಹನ್ನೆರಡು ಹೊಗೆಗೂಡಿಗೆ ಕಲ್ಲಿದ್ದಲು ಹೊತ್ತವರು ಯಾರು?
ಮಖಮಲ್ಲಿನ ಧೂಳು ಕೊಡವುವವರು?
ಅನಾನಸಿನ ಗಾಜು ಒರೆಸುವ ಹುಡುಗ
ರಾತ್ರಿ ಎಲ್ಲಿ ಮಲಗುತ್ತಾನೆ?
ನಮ್ಮೂರಲ್ಲಿ ಬಡವರಿಗೆ ಒಂದು ಬಾಗಿಲೂ ಇರಲಿಲ್ಲ.
ಗೊತ್ತಿಲ್ಲದೆ ಅಲ್ಲ,
ಗೊತ್ತಿದ್ದೇ.

ವೆರಿಟಿ ಅವತ್ತು ಮೊದಲ ಸಲ ಹೇಳಿದಳು:
ತನ್ನ ಮುತ್ತಜ್ಜಿಯ ತಾಯಿ ಹುಟ್ಟಿದ್ದು ಬಡವರ ದುಡಿಮೆಮನೆಯಲ್ಲಿ,
ದಾಖಲೆ ಪುಸ್ತಕದಲ್ಲಿ ಅಪ್ಪನ ಹೆಸರಿನ ಜಾಗಕ್ಕೆ
ಒಂದು ಗೀಟು.
ಆ ಗೀಟನ್ನೇ ಕಾಗದದ ಮೇಲೆ ಎಳೆದಳು, ಉದ್ದಕ್ಕೆ.
ಅದು ಗೋಡೆಯಾಯಿತು.

ಲೆಶೆಕ್ ಮಲದ ಗಾಡಿಗಳ ಅಂಗಳ ಬರೆದ,
ಎರಡು ಕುದುರೆ, ಒಂದಕ್ಕೆ ಕಣ್ಣಿಲ್ಲ.
ಹೆಡ್ಲಿ ರಂಗಸ್ಥಳದ ಕೆಳಗೊಂದು ನೆಲಮಾಳಿಗೆ ಅಗೆದು
ಮೂರು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟ;
ಮೇಲೆ ಚಪ್ಪಾಳೆ ಬಿದ್ದಾಗ ಅವರ ಗಂಜಿಗೆ ಮಣ್ಣುದುರುತ್ತದೆ.
ನಾನು ಟೋಪಿ ಅಂಗಡಿಯ ಹಿಂಗೋಡೆ ಅಳಿಸಿ
ಕಡಿದಾದ ಮೆಟ್ಟಿಲು ಇಟ್ಟೆ. ಮೇಲೆ ಆರು ಹುಡುಗಿಯರು, ಒಂದು ದೀಪ.
ಅವರಲ್ಲಿ ಒಬ್ಬಳ ಕೈ
ಎಷ್ಟು ತೊಳೆದರೂ ಹೆರಿಂಗ್ ಮೀನು ನಾರುತ್ತದೆ.
ಹೆಸರು ಇನ್ನೂ ಇಟ್ಟಿಲ್ಲ.

ಹೋಗದ ಊರಿಗೆ ದಾರಿ ಯಾಕೆ ಅನ್ನುವವರು ಅನ್ನಲಿ.
ಹತ್ತೂವರೆಗೆ ಕಾಗದ ಸುತ್ತಿ, ರಬ್ಬರು ಹಾಕಿ,
ನಾನೂ ಊನಾಳೂ ಫ್ರೀಮನ್ ಬೀದಿಯಲ್ಲಿ ನಡೆಯುತ್ತೇವೆ:
ಹಲಗೆ ಬಡಿದ ಅಂಗಡಿ, ಹಲಗೆ ಬಡಿದ ಅಂಗಡಿ,
ಒಂದರ ಮೇಲಿನ ಕಿಟಕಿಯಲ್ಲಿ ಬೆಳಕು.
ಇಬ್ಬರೂ ಕತ್ತೆತ್ತಿದೆವು.

ಅವಳ ಬಸ್ಸು ಬರುವ ಹೊತ್ತಿಗೆ ಕೇಳಿದಳು, ಮೆತ್ತಗೆ:
ಮುಂದಿನ ಗುರುವಾರ ನಿನ್ನ ಟೋಪಿ ಅಂಗಡಿ ಸುಡಲಾ?
ಕಥೆಗೆ ಬೇಕಾಗಿದೆ.

ಒಂದು ವಾರ ತಡಿ, ಅಂದೆ.
ಹಿಂದುಗಡೆ ಇನ್ನೊಂದು ಮೆಟ್ಟಿಲು ಕಟ್ಟಬೇಕು.